ಗೆರೆಯ ಆಚೆಗೆ ಹೋದ ಪಾದ್ರಿಗಳು: ಬಿಷಪ್ ಲೆವೆಲಿನ್ ಗ್ವಿನ್ ಅವರ ಪ್ರಕರಣ

1915ರ ಫ್ರಾನ್ಸ್. ಮೊದಲ ಮಹಾಯುದ್ಧದ ಕಾಲ. ಬ್ರಿಟಿಷ್ ಸೇನೆಯ ಪಾದ್ರಿಗಳಿಗೆ ಮೇಲಿನವರ ಕಟ್ಟಪ್ಪಣೆ ಇತ್ತು: ಮುಂಚೂಣಿಯ ಟ್ರೆಂಚಿಗೆ, ಅಂದರೆ ಸೈನಿಕರು ಅಡಗಿ ಕಾದಾಡುವ ಕಂದಕಕ್ಕೆ, ಹೋಗಬೇಡಿ. ಗಾಯಾಳುಗಳನ್ನು ತಂದು ಮಲಗಿಸುವ ಹಿಂದಿನ ಶಿಬಿರದಲ್ಲಿರಿ. ಆಸ್ಪತ್ರೆ ನೋಡಿಕೊಳ್ಳಿ. ಭಾನುವಾರ ಪೆರೇಡ್ ಆದಾಗ ಆರಾಧನೆ ನಡೆಸಿ. ಸತ್ತವರನ್ನು ಮಣ್ಣು ಮಾಡಿ. ಅಷ್ಟು ಸಾಕು.

ಅಪ್ಪಣೆ ಕೊಟ್ಟವರಿಗೂ ಕಾರಣ ಇತ್ತು. ಗುಂಡು ಹಾರುವ ಜಾಗದಲ್ಲಿ ಕೈಯಲ್ಲಿ ಬಂದೂಕಿಲ್ಲದ ಮನುಷ್ಯ ಏನು ಮಾಡುತ್ತಾನೆ? ಅಡ್ಡಿ ಆಗ್ತಾನೆ. ಗಾಯ ಆದರೆ ಅವನನ್ನು ಹೊರಲು ಇಬ್ಬರು ಬೇಕು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಟ್ರೆಂಚಿನ ಕೆಸರಲ್ಲಿ ಮೊಣಕಾಲುದ್ದ ನಿಂತ ಹುಡುಗನಿಗೆ ಬೇರೆಯೇ ಕಾಣುತ್ತಿತ್ತು. ದೇವರು ನಿನ್ನ ಜೊತೆ ಇದ್ದಾನೆ ಅಂತ ಭಾನುವಾರ ಹೇಳಿದ ಮನುಷ್ಯ ಸೋಮವಾರ ಎಲ್ಲಿಗೆ ಹೋದ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿ ಬಂದದ್ದು ಸುಡಾನಿನ ಖಾರ್ಟೂಮಿನ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿಗೆ ಸೇರಿದ) ಬಿಷಪ್ ಲೆವೆಲಿನ್ ಹೆನ್ರಿ ಗ್ವಿನ್ ಅವರಿಗೆ. ಅವರ 94 ವರ್ಷದ ಬದುಕಿನಲ್ಲಿ ಇದು ನಾಲ್ಕೈದು ವರ್ಷಗಳ ಮಾತು ಅಷ್ಟೇ. ಆದರೂ ಅವರನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡಬೇಕು ಅಂತ ನನಗೆ ಅನಿಸುತ್ತದೆ.

ಮೊದಲು 'ಪಾದ್ರಿ' ಅನ್ನುವ ಮಾತಿನ ಬಗ್ಗೆ ಸ್ವಲ್ಪ. ಬ್ರಿಟಿಷ್ ಸೈನಿಕರು ತಮ್ಮ ಧರ್ಮಗುರುವನ್ನು ಇವತ್ತಿಗೂ 'ಪಾದ್ರೆ' ಅಂತಲೇ ಕರೆಯುತ್ತಾರೆ. ಇದು ಪೋರ್ಚುಗೀಸ್ ಮಾತು. ಅವರ ಸೇನೆಗೆ ಅದು ಹೋದದ್ದು ಇಂಡಿಯಾದಿಂದ. ನಾವು ಕನ್ನಡದಲ್ಲಿ ಪಾದ್ರಿ ಅನ್ನುವುದೂ ಅದೇ ಬೇರಿನದು. ಬೆಂಗಳೂರಿನ ಟ್ರಿನಿಟಿ ಸರ್ಕಲ್ ನೋಡಿದವರಿಗೆ ಈ ನಂಟು ಹೊಸದಲ್ಲ. ಆ ಸರ್ಕಲ್ಲಿಗೆ ಹೆಸರು ಕೊಟ್ಟ ಹೋಲಿ ಟ್ರಿನಿಟಿ ಚರ್ಚನ್ನು ಕಟ್ಟಿದ್ದೇ ದಂಡಿನ ಬ್ರಿಟಿಷ್ ಸೈನಿಕರಿಗಾಗಿ. 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ದಕ್ಷಿಣ ಭಾರತದ ಆಂಗ್ಲಿಕನ್ ಸಭೆಗಳು ಅದರೊಳಗೆ ಸೇರಿಕೊಂಡವು. ಹಾಗಾಗಿ ಆಂಗ್ಲಿಕನ್ ಬಿಷಪ್ ಅಂದರೆ ನಮಗೆ ತೀರಾ ದೂರದವರೇನಲ್ಲ.

ಫುಟ್‌ಬಾಲ್ ಆಡುತ್ತಿದ್ದ ಪಾದ್ರಿ

ಗ್ವಿನ್ ಹುಟ್ಟಿದ್ದು 1863ರಲ್ಲಿ, ವೇಲ್ಸ್‌ನ ಸ್ವಾನ್ಸಿ ಪಕ್ಕದಲ್ಲಿ. ತಮ್ಮ ಹೋವೆಲ್ ಮುಂದೆ ಲಂಡನ್ನಿನ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಯ ಸಂಪಾದಕರಾದರು. ಅಣ್ಣ ಚರ್ಚಿನ ಕಡೆ ಹೊರಟರು. ಓದು ಮುಗಿಸಿ ಡರ್ಬಿ ಊರಿನಲ್ಲಿ ಸಹಾಯಕ ಪಾದ್ರಿಯಾಗಿದ್ದಾಗ ಡರ್ಬಿ ಕೌಂಟಿ ತಂಡದ ಪರ ಫುಟ್‌ಬಾಲ್ ಆಡಿದರು. ಆಮೇಲೆ ನಾಟಿಂಗ್‌ಹ್ಯಾಮ್‌ನಲ್ಲಿ ಸಭಾಪಾಲಕರಾದರು. ಎರಡೂ ಕಾರ್ಖಾನೆ ಕೂಲಿಗಳ ಊರು. ಅಲ್ಲಿ ಒಳ್ಳೆ ಪ್ರಸಂಗ ಮಾಡುವ ಪಾದ್ರಿಗಿಂತ, ಮೈದಾನಕ್ಕೆ ಇಳಿದು ಬೆವರು ಸುರಿಸುವ ಪಾದ್ರಿ ಬೇಗ ಮನೆಯವನಾಗುತ್ತಾನೆ. ಈ ಪಾಠ ಫ್ರಾನ್ಸಿನಲ್ಲಿ ಬಹಳ ಕೆಲಸಕ್ಕೆ ಬಂತು.

1899ರ ಕೊನೆಗೆ ಚರ್ಚ್ ಮಿಷನರಿ ಸೊಸೈಟಿಯ ಮೂಲಕ ಸುಡಾನಿಗೆ ಹೋದರು. ಆಗ ಅವರಿಗೆ 36. ಹೋದ ಹೊತ್ತು ಎಂಥದು ಅನ್ನುವುದನ್ನು ಮರೆಯಬಾರದು. 1885ರಲ್ಲಿ ಖಾರ್ಟೂಮಿನಲ್ಲಿ ಬ್ರಿಟನ್ನಿನ ಜನರಲ್ ಗಾರ್ಡನ್, ಸುಡಾನಿನ ಮುಸ್ಲಿಂ ಧರ್ಮನಾಯಕ ಮಹ್ದಿಯ ಸೈನ್ಯದ ಕೈಯಲ್ಲಿ ಸತ್ತಿದ್ದರು. ಬ್ರಿಟನ್ನಿನ ಜನ ಅವರನ್ನು ಹುತಾತ್ಮ ಅಂತ ಎತ್ತಿ ಹಿಡಿದಿದ್ದರು, ಅವರ ಹೆಸರಲ್ಲಿ ಮಿಷನ್ ಕೆಲಸಕ್ಕೆ ಹಣ ಕೂಡಿಸಿದ್ದರು. 1898ರ ಸೆಪ್ಟೆಂಬರ್ 2ರಂದು ಬ್ರಿಟಿಷ್ ಸೇನಾಪತಿ ಕಿಚನರ್ ಖಾರ್ಟೂಮಿನ ಪಕ್ಕದ ಓಮ್ಡುರ್ಮಾನಿನಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಮಹ್ದಿ ಪಂಥದ ಸೈನ್ಯವನ್ನು ಎದುರಿಸಿದರು. ಒಂದೇ ಬೆಳಗಿನಲ್ಲಿ ಸುಮಾರು 10,000 ಸುಡಾನಿಗಳು ಸತ್ತರು. ಆ ನೆಲ ಇನ್ನೂ ಆರಿರಲಿಲ್ಲ. ಅಲ್ಲಿಗೆ ಸುವಾರ್ತೆ ಹಿಡಿದು ಗ್ವಿನ್ ಬಂದರು. ಅವರು ಒಳ್ಳೆಯ ಮನುಷ್ಯ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಅವರು ಹತ್ತಿ ಬಂದದ್ದು ಸಾಮ್ರಾಜ್ಯದ ಗಾಡಿಯನ್ನೇ. ಇದನ್ನು ಮುಚ್ಚಿಟ್ಟು ಬರೆದರೆ ಬರಹ ಸುಳ್ಳಾಗುತ್ತದೆ.

ಬಂದ ಕೂಡಲೇ ಅವರನ್ನು ತಡೆದದ್ದು ತಮ್ಮದೇ ಸರ್ಕಾರ. ಕಿಚನರ್, ಅವರ ಹಿಂದೆ ಬಂದ ಗವರ್ನರ್ ಜನರಲ್ ವಿಂಗೇಟ್, ಇಬ್ಬರದೂ ಒಂದೇ ಮಾತು: ಉತ್ತರ ಸುಡಾನಿನ ಮುಸ್ಲಿಮರ ನಡುವೆ ಮತಪ್ರಚಾರ ಕೂಡದು. ಇನ್ನೊಂದು ದಂಗೆ ಅವರಿಗೆ ಬೇಕಿರಲಿಲ್ಲ. ದೂರದ ದಕ್ಷಿಣಕ್ಕೆ ಬೇಕಾದರೆ ಹೋಗಿ ಅಂದರು. ಒಟ್ಟಿನಲ್ಲಿ ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಗ್ವಿನ್‌ಗೆ ಇದು ನುಂಗಲಾರದ ತುತ್ತು. ಆದರೂ ಗಂಟುಮೂಟೆ ಕಟ್ಟಿ ವಾಪಸ್ ಹೋಗಲಿಲ್ಲ. ಇದ್ದ ಜಾಗದಲ್ಲೇ ಏನು ಮಾಡಬಹುದು ಅಂತ ನೋಡಿದರು.

ಹಾಗೆ ಸಿಕ್ಕ ಕೆಲಸವೇ ಖಾರ್ಟೂಮಿನ ಬ್ರಿಟಿಷ್ ಸೈನಿಕರ ಪಾದ್ರಿತನ. ಜೊತೆಗೆ ಹುಡುಗಿಯರಿಗೆ ಒಂದು ಶಾಲೆ ತೆರೆದರು. ಮೊದಲು ಬಂದವರು ಕಾಪ್ಟಿಕ್ ಕ್ರೈಸ್ತರ (ಈಜಿಪ್ಟ್ ಮೂಲದ ಹಳೆಯ ಕ್ರೈಸ್ತರ) ಮನೆ ಮಕ್ಕಳು. ಆಮೇಲೆ ಮುಸ್ಲಿಂ ಅಪ್ಪಂದಿರೇ ಬಂದು, ನಮ್ಮ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಿ ಅಂದರು. ಮನೆಯವರು ಒಪ್ಪದೆ ಕ್ರೈಸ್ತ ಪಾಠ ಹೇಳಬಾರದು ಅನ್ನುವ ಷರತ್ತಿನ ಮೇಲೆ ಸರ್ಕಾರ ಒಪ್ಪಿತು. ಇನ್ನೊಂದು ಕಡೆ, ದಕ್ಷಿಣದಲ್ಲಿ ಬೋರ್ ಹತ್ತಿರದ ಮಲೇಕ್‌ನಲ್ಲಿ ಡಿಂಕಾ ಜನರ ನಡುವೆ ಮಿಷನ್ ಶುರುವಾಯಿತು. 1908ರಲ್ಲಿ ಗ್ವಿನ್ ಖಾರ್ಟೂಮಿನ ಬಿಷಪ್ ಆದರು, ಜೆರುಸಲೇಮಿನ ಬಿಷಪ್ ಕೈಕೆಳಗೆ. 1912ರಲ್ಲಿ ಖಾರ್ಟೂಮಿನ ಆಲ್ ಸೇಂಟ್ಸ್ ಕೆಥೆಡ್ರಲ್ ಪ್ರತಿಷ್ಠೆ ಆಯಿತು.

ಹದಿನೈದು ವರ್ಷ ಹೀಗೆ ಕಳೆಯಿತು. ಬೇರೆಯವರು ಎಳೆದ ಗೆರೆಯ ಒಳಗೆ, ಸೈನಿಕರ ಜೊತೆ. ನನಗೆ ತೋಚುವುದು ಇಷ್ಟು: ಮುಂದೆ ಬಂದ ಕೆಲಸಕ್ಕೆ ಇದಕ್ಕಿಂತ ಒಳ್ಳೆ ತಯಾರಿ ಬೇರೆ ಇರಲಿಲ್ಲ.

ಜಗಳದ ಮನೆಗೆ ಹೊಸ ಯಜಮಾನ

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಗ್ವಿನ್ ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದರು. ವಯಸ್ಸು 51. ಬಿಷಪ್ ಬೇರೆ. ಆದರೂ ಸಾಮಾನ್ಯ ಸೇನಾ ಪಾದ್ರಿಯಾಗಿ ಫ್ರಾನ್ಸಿಗೆ ಹೋದರು. ಮೊದಲ ವರ್ಷ ಪೂರ್ತಿ ಅಲ್ಲೇ ಕಳೆದರು. ಕೆಳಗಿನ ಪಾದ್ರಿಯ ಪಾಡು ಏನು ಅನ್ನುವುದು ಅವರಿಗೆ ಕಾಗದ ಓದಿ ಗೊತ್ತಾದದ್ದಲ್ಲ.

ಆ ಪಾಡು ಚೆನ್ನಾಗಿರಲಿಲ್ಲ. ಯುದ್ಧ ಶುರುವಾದಾಗ ಇಡೀ ಬ್ರಿಟಿಷ್ ಸೇನೆಯಲ್ಲಿ ಇದ್ದ ಪಾದ್ರಿಗಳು 117 ಮಂದಿ. ಯುದ್ಧ ಮುಗಿಯುವ ಹೊತ್ತಿಗೆ 3,400ಕ್ಕೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಂಗ್ಲಿಕನ್ನರು. ಊರಿನ ಚರ್ಚಲ್ಲಿ ಮದುವೆ, ನಾಮಕರಣ ಮಾಡಿಸುತ್ತಿದ್ದವರನ್ನು ಒಂದು ಸಮವಸ್ತ್ರ ಕೊಟ್ಟು ಹಡಗು ಹತ್ತಿಸುತ್ತಿದ್ದರು. ತರಬೇತಿ ಅಂತ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಇಳಿದ ಮೇಲೆ ಏನು ಮಾಡಬೇಕು, ಯಾರನ್ನು ಕೇಳಬೇಕು, ಒಂದೂ ಗೊತ್ತಿಲ್ಲ. ಪಾದ್ರಿಗೆ ಸಿಗುತ್ತಿದ್ದದ್ದು ಆಫೀಸರ್ ದರ್ಜೆ. ಹೊಸದಾಗಿ ಬಂದವನೂ ಕ್ಯಾಪ್ಟನ್‌ಗೆ ಸಮ. ಊಟ ಆಫೀಸರುಗಳ ಮೆಸ್‌ನಲ್ಲಿ. ಸಿಪಾಯಿ ಎದ್ದು ಸಲ್ಯೂಟ್ ಹೊಡೆಯಬೇಕು. ಸಲ್ಯೂಟ್ ಹೊಡೆಸಿಕೊಂಡವನ ಹತ್ತಿರ ಮನಸ್ಸಿನ ಮಾತು ಹೇಳೋದು ಹೇಗೆ?

ಇದರ ಮೇಲೆ ಪಂಗಡಗಳ ಜಗಳ. ಲಂಡನ್ನಿನಲ್ಲಿ ಕೂತ ಚಾಪ್ಲೇನ್ ಜನರಲ್, ಅಂದರೆ ಸೇನಾ ಪಾದ್ರಿಗಳ ಮುಖ್ಯಸ್ಥ, ಬಿಷಪ್ ಟೇಲರ್ ಸ್ಮಿತ್ ಇವ್ಯಾಂಜೆಲಿಕಲ್ ಪಂಗಡದವರು. ಆಂಗ್ಲಿಕನ್ನರಲ್ಲೇ ಬೈಬಲ್ಲಿಗೆ, ಪ್ರಸಂಗಕ್ಕೆ ಒತ್ತು ಕೊಡುವ ಪಂಗಡ ಅದು. ಸೇರಲು ಬಂದ ಪಾದ್ರಿಗೆ ಅವರು ಕೇಳುತ್ತಿದ್ದರು ಅನ್ನಲಾದ ಒಂದು ಪ್ರಶ್ನೆ ಬಹಳ ಹೆಸರುವಾಸಿ: ಸಾಯುತ್ತಿರುವ ಸಿಪಾಯಿಗೆ ಇನ್ನು ಐದೇ ನಿಮಿಷ ಉಳಿದಿದೆ, ಅವನಿಗೆ ಏನು ಹೇಳ್ತೀರಿ? ತಮಗೆ ಬೇಕಾದ ಉತ್ತರ ಕೊಡುವವರನ್ನೇ ಆರಿಸುತ್ತಾರೆ ಅಂತ, ಧೂಪ, ಸಂಸ್ಕಾರಗಳಿಗೆ ಒತ್ತು ಕೊಡುವ ಆಂಗ್ಲೋ ಕ್ಯಾಥೊಲಿಕ್ ಪಂಗಡದವರು ಸಿಟ್ಟಾದರು. ಲಾರ್ಡ್ ಹ್ಯಾಲಿಫ್ಯಾಕ್ಸ್ ಅಂಥ ದೊಡ್ಡವರು ಆಂಗ್ಲಿಕನ್ನರ ಹಿರಿಯ ಗುರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಡೇವಿಡ್ಸನ್ ಹತ್ತಿರ ದೂರು ಒಯ್ದರು. ಫ್ರಾನ್ಸಿನಲ್ಲಿ ಎಲ್ಲ ಪಂಗಡಗಳ ಪಾದ್ರಿಗಳ ಮೇಲೆ ಇದ್ದ ಪ್ರಧಾನ ಪಾದ್ರಿ ಜಾನ್ ಸಿಮ್ಸ್ ಐರ್ಲೆಂಡಿನ ಪ್ರೆಸ್ಬಿಟೇರಿಯನ್, ಅಂದರೆ ಬಿಷಪ್ಪರೇ ಇಲ್ಲದ ಬೇರೆ ಪ್ರಾಟೆಸ್ಟಂಟ್ ಸಭೆಯವರು. ಪ್ರೆಸ್ಬಿಟೇರಿಯನ್ ಕೈಕೆಳಗೆ ನಾವು ಇರಬೇಕಾ ಅಂತ ಕೆಲವು ಆಂಗ್ಲಿಕನ್ನರಿಗೆ ಬೇಸರ. ಸಾವಿರಾರು ಜನ ಸಾಯುತ್ತಿರುವಾಗ ಇದೊಂದು ಜಗಳವಾ ಅಂತ ಇವತ್ತು ಓದುವಾಗ ಸಂಕಟ ಆಗುತ್ತದೆ. ಆದರೆ ಇದನ್ನು ಬಿಡಿಸದೆ ಮುಂದಿನ ಕೆಲಸ ಆಗುವ ಹಾಗಿರಲಿಲ್ಲ.

1915ರ ಜುಲೈನಲ್ಲಿ ಆಂಗ್ಲಿಕನ್ ಪಾದ್ರಿಗಳ ವಿಭಾಗವನ್ನೇ ಬೇರೆ ಮಾಡಿದರು. ಗ್ವಿನ್ ಅದಕ್ಕೆ ಡೆಪ್ಯುಟಿ ಚಾಪ್ಲೇನ್ ಜನರಲ್ ಆದರು. ದರ್ಜೆ ಮೇಜರ್ ಜನರಲ್‌ಗೆ ಸಮ. ಉಳಿದ ಪಂಗಡಗಳವರು ಸಿಮ್ಸ್ ಹತ್ತಿರವೇ ಉಳಿದರು. ಗ್ವಿನ್ ಕೂಡ ಇವ್ಯಾಂಜೆಲಿಕಲ್ಲೇ. ಆದರೆ ಆ ಕಾರಣಕ್ಕೆ ಬೇರೆ ಪಂಗಡದವರನ್ನು ದೂರ ಇಡಲಿಲ್ಲ. ಇವನು ಧೂಪ ಹಾಕುವವನಾ, ಹಾಕದವನಾ ಅನ್ನುವುದಕ್ಕಿಂತ ಇವನು ಸೈನಿಕರ ಜೊತೆ ಇರಬಲ್ಲನಾ ಅನ್ನುವುದನ್ನು ನೋಡಿದರು. ಜಗಳದ ಮನೆ ನಿಧಾನಕ್ಕೆ ತಣ್ಣಗಾಯಿತು.

ಗೆರೆ ಅಳಿದದ್ದು

ಇನ್ನು ಆ ಅಪ್ಪಣೆ. ಅದು ಒಂದೇ ದಿನದಲ್ಲಿ, ಒಂದೇ ಸಹಿಯಿಂದ ಹೋದದ್ದಲ್ಲ. ಅಪ್ಪಣೆ ಇದ್ದಾಗಲೂ ಕೆಲವು ಪಾದ್ರಿಗಳು ಕರ್ನಲ್ ಕಣ್ಣು ಮುಚ್ಚಿಕೊಂಡರೆ ಸುಮ್ನೆ ಮುಂದೆ ಹೋಗಿ ಬರುತ್ತಿದ್ದರು. ರೋಮನ್ ಕ್ಯಾಥೊಲಿಕ್ ಪಾದ್ರಿಗಳಿಗಂತೂ ಹೋಗದೆ ವಿಧಿ ಇರಲಿಲ್ಲ. ಸಾಯುವವನಿಗೆ ಕೊನೆಯ ಸಂಸ್ಕಾರ ಕೊಡುವುದು ಅವರ ಧರ್ಮ. ಇದೇ ಆಂಗ್ಲಿಕನ್ನರಿಗೆ ಕೆಟ್ಟ ಹೆಸರು ತಂದಿತು. ಅವರ ಪಾದ್ರಿ ಟ್ರೆಂಚಿಗೆ ಬರ್ತಾನೆ, ನಮ್ಮವನು ಬರಲ್ಲ ಅನ್ನುವ ಮಾತು ಸಿಪಾಯಿಗಳ ಬಾಯಲ್ಲಿ ನಿಂತುಬಿಟ್ಟಿತು. ಯುದ್ಧದಿಂದ ಬದುಕಿ ಬಂದ ಬರಹಗಾರರಲ್ಲಿ ಕೆಲವರು ಆಂಗ್ಲಿಕನ್ ಪಾದ್ರಿಗಳನ್ನು ಹೀಗೇ ಚಿತ್ರಿಸಿದರು. ಆ ಚಿತ್ರ ಇವತ್ತಿಗೂ ಪೂರ್ತಿ ಅಳಿಸಿಲ್ಲ.

1915ರ ಡಿಸೆಂಬರ್‌ನಲ್ಲಿ ಡಗ್ಲಸ್ ಹೇಗ್ ಫ್ರಾನ್ಸಿನ ಬ್ರಿಟಿಷ್ ಸೇನೆಯ ಮುಖ್ಯಸ್ಥರಾದರು. 1916ರ ಆರಂಭದಲ್ಲಿ ಗ್ವಿನ್ ಅವರನ್ನು ಕಂಡು ಮಾತಾಡಿದರು. ಹೇಗ್ ಸ್ವತಃ ದೈವಭಕ್ತ ಪ್ರೆಸ್ಬಿಟೇರಿಯನ್. ಪಾದ್ರಿ ಗಟ್ಟಿ ಇದ್ದರೆ ಸೈನಿಕನ ಮನಸ್ಸು ಗಟ್ಟಿ ಇರುತ್ತದೆ ಅನ್ನುವುದು ಅವರ ನಂಬಿಕೆ. ಪಾದ್ರಿಗಳು ಈ ಯುದ್ಧ ಯಾಕೆ ಬೇಕು ಅನ್ನುವುದನ್ನು ಸೈನಿಕರಿಗೆ ಹೇಳಬೇಕು ಅನ್ನುವುದು ಅವರ ಬೇಡಿಕೆ. ಗ್ವಿನ್‌ಗೆ ಬೇಕಿದ್ದದ್ದು ಪಾದ್ರಿಗಳಿಗೆ ಸೈನಿಕರ ಹತ್ತಿರ ಹೋಗುವ ದಾರಿ. ಆ ದಾರಿ ಸಿಕ್ಕಿತು. 1916ರಲ್ಲಿ ಪಾದ್ರಿಗಳು ಬೆಟಾಲಿಯನ್ ಜೊತೆಗೇ ಮುಂಚೂಣಿಗೆ ಹೋಗುವುದು ಮಾಮೂಲಾಯಿತು.

ಆ ವರ್ಷದ ಮಾರ್ಚ್ 27ರಿಂದ 29ರವರೆಗೆ ಬೆಲ್ಜಿಯಂನ ಸೇಂಟ್ ಎಲೋಯಿಯಲ್ಲಿ ಘೋರ ಕಾಳಗ ನಡೆಯಿತು. ಎಡ್ವರ್ಡ್ ನೋಯೆಲ್ ಮೆಲಿಶ್ ಎಂಬ ಲಂಡನ್ನಿನ ಸಹಾಯಕ ಪಾದ್ರಿ ಅಲ್ಲಿದ್ದರು. ಮೆಷಿನ್ ಗನ್ ಉರಿಯುತ್ತಿರುವಾಗ ಒಂದು ಟ್ರೆಂಚಿನಿಂದ ಇನ್ನೊಂದಕ್ಕೆ ಓಡಾಡಿ ಮೊದಲ ದಿನ ಹತ್ತು ಗಾಯಾಳುಗಳನ್ನು ಹೊತ್ತು ತಂದರು. ಎರಡನೇ ದಿನ ಮತ್ತೆ ಹೋಗಿ ಹನ್ನೆರಡು ಮಂದಿಯನ್ನು ತಂದರು. ಮೂರನೇ ರಾತ್ರಿ ನಾಲ್ಕಾರು ಜನರನ್ನು ಕರೆದುಕೊಂಡು ಹೋಗಿ ಉಳಿದವರನ್ನು ತಂದರು. ಶೌರ್ಯಕ್ಕೆ ಬ್ರಿಟನ್ ಕೊಡುವ ಅತಿ ದೊಡ್ಡ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಪಾದ್ರಿ ಮುಂದೆ ಹೋದರೆ ಅಡ್ಡಿ ಅನ್ನುತ್ತಿದ್ದವರಿಗೆ ಮತ್ತೆ ಆ ಮಾತು ಎತ್ತುವುದು ಕಷ್ಟವಾಯಿತು.

ಮುಂದೆ ಬಿಡುವುದಷ್ಟೇ ಅಲ್ಲ, ಹೋದವರನ್ನು ನೋಡಿಕೊಳ್ಳುವುದೂ ಬೇಕಲ್ವಾ? ಅದಕ್ಕೆ ಸಾಲುಸಾಲಾಗಿ ಜನ ಇದ್ದರು. ಪ್ರತಿ ಡಿವಿಷನ್ನಿಗೆ ಒಬ್ಬ ಹಿರಿಯ ಪಾದ್ರಿ, ಅವರ ಮೇಲೆ ಕೋರ್ ಮಟ್ಟದಲ್ಲಿ ಒಬ್ಬರು, ಇಡೀ ಆರ್ಮಿಗೆ ಇನ್ನೊಬ್ಬರು. ಹೊಸಬ ಎಡವಿದರೆ ಕೇಳಲು ಒಂದು ಬಾಗಿಲು ಇತ್ತು. 1917ರಲ್ಲಿ ಸೇಂಟ್ ಓಮೇರ್ ಪಕ್ಕದಲ್ಲಿ ಪಾದ್ರಿಗಳಿಗೇ ಒಂದು ಶಾಲೆ ಶುರುವಾಯಿತು. ನಡೆಸಿದವರು ಬಿ. ಕೆ. ಕನಿಂಗ್‌ಹ್ಯಾಮ್. ಟ್ರೆಂಚಿನಲ್ಲಿ ಬಸವಳಿದ ಪಾದ್ರಿಗಳು ಅಲ್ಲಿಗೆ ಬಂದು ಕೆಲವು ದಿನ ಇರುತ್ತಿದ್ದರು. ಓದು, ಪ್ರಾರ್ಥನೆ, ಮೌನ, ಒಳ್ಳೆ ನಿದ್ದೆ. ಕನಿಂಗ್‌ಹ್ಯಾಮ್‌ಗೆ ಕಿವಿ ಮಂದ. ಆದರೂ ದಣಿದು ಬಂದವರ ಮಾತು ಕೇಳಿಸಿಕೊಳ್ಳುವುದೇ ಅವರ ಕೆಲಸ. ಊರ ದುಃಖವನ್ನೆಲ್ಲ ಕೇಳುವ ಪಾದ್ರಿಯ ದುಃಖ ಕೇಳುವವರು ಯಾರು ಅನ್ನುವುದನ್ನು ಆ ಕಾಲದಲ್ಲೇ ಯೋಚಿಸಿದರಲ್ಲ, ಅದಕ್ಕೆ ನಾನು ಗ್ವಿನ್ ಅವರಿಗೆ ಕೈಮುಗಿಯುತ್ತೇನೆ.

ಪೋಪರಿಂಗೆ ಊರಿನ ಮನೆಯನ್ನೂ ಇಲ್ಲಿ ಹೇಳಲೇಬೇಕು. ಈಪ್ರಾ ಕದನಭೂಮಿಯ ಹಿಂದಿನ ಬೆಲ್ಜಿಯಂ ಪಟ್ಟಣ ಅದು. ಅಲ್ಲಿ 1915ರ ಡಿಸೆಂಬರ್‌ನಲ್ಲಿ ಹಿರಿಯ ಪಾದ್ರಿ ನೆವಿಲ್ ಟಾಲ್ಬಟ್ ಮತ್ತು ಟಬ್ಬಿ ಕ್ಲೇಟನ್ ಸೇರಿ ಒಂದು ದೊಡ್ಡ ಮನೆ ತೆರೆದರು. ಹೆಸರು ಟಾಲ್ಬಟ್ ಹೌಸ್. ಆ ಜುಲೈನಲ್ಲಿ ಸತ್ತ ನೆವಿಲ್ ಅವರ ತಮ್ಮ ಗಿಲ್ಬರ್ಟ್ ನೆನಪಿಗೆ ಇಟ್ಟದ್ದು. ಒಳಗೆ ಬಂದವರು ದರ್ಜೆಯನ್ನು ಹೊರಗೇ ಬಿಟ್ಟು ಬರಬೇಕು ಅಂತ ಬೋರ್ಡು ಬರೆದಿದ್ದರು. ಜನರಲ್ಲೂ ಸಿಪಾಯಿಯೂ ಒಂದೇ ಮೇಜಿನಲ್ಲಿ ಚಹಾ ಕುಡಿಯಬಹುದು. ಕೆಳಗೆ ಪುಸ್ತಕ, ಪಿಯಾನೊ, ಹಿತ್ತಲ ತೋಟ. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಅಟ್ಟದಲ್ಲಿ ಪ್ರಾರ್ಥನಾ ಕೋಣೆ. ಅಲ್ಲಿನ ಬಲಿಪೀಠ ಬಡಗಿಯ ಕೆಲಸದ ಬೆಂಚು. ಯೇಸು ಬಡಗಿಯ ಮಗ ಅನ್ನುವುದನ್ನು ಬೇರೆ ಹೇಳಬೇಕಾಗಿರಲಿಲ್ಲ. ನಾಳೆ ಮುಂಚೂಣಿಗೆ ಹೋಗುವ ಹುಡುಗರು ಆ ಅಟ್ಟದಲ್ಲಿ ಮಂಡಿಯೂರಿ ಕೂತು ಹೋಗುತ್ತಿದ್ದರು. ಮನೆ ಇವತ್ತಿಗೂ ಇದೆ. ಹೋಗಿ ನೋಡಬಹುದು.

ಗ್ವಿನ್ ವಯಸ್ಸಿನ ಇನ್ನೊಬ್ಬರು

ಈ ಪ್ರಕರಣದಲ್ಲಿ ನನ್ನ ಮನಸ್ಸು ಜಾಸ್ತಿ ನಿಲ್ಲುವುದು ಥಿಯೊಡೋರ್ ಬೇಲಿ ಹಾರ್ಡಿ ಹತ್ತಿರ. ಗ್ವಿನ್ ಹುಟ್ಟಿದ 1863ರಲ್ಲೇ ಹುಟ್ಟಿದವರು. ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ಆಮೇಲೆ ಒಂದು ಸಣ್ಣ ಹಳ್ಳಿಯ ಸಭಾಪಾಲಕರಾದರು. 1914ರಲ್ಲಿ ಹೆಂಡತಿ ತೀರಿಕೊಂಡರು. ಯುದ್ಧಕ್ಕೆ ಹೋಗುತ್ತೇನೆ ಅಂತ ಅರ್ಜಿ ಹಾಕಿದರು. ವಯಸ್ಸಾಯಿತು, ಬೇಡ ಅಂದರು. ಮತ್ತೆ ಹಾಕಿದರು. 1916ರಲ್ಲಿ ಕಡೆಗೂ ಒಪ್ಪಿಗೆ ಸಿಕ್ಕಿತು. ಆಗ ಅವರಿಗೆ 52 ದಾಟಿತ್ತು.

ತೆಳ್ಳಗಿನ, ನಾಚಿಕೆ ಸ್ವಭಾವದ ಮನುಷ್ಯ. ದೊಡ್ಡ ಭಾಷಣಗಾರರಲ್ಲ. ಫ್ರಾನ್ಸಿಗೆ ಬಂದವರು ಜೆಫ್ರಿ ಸ್ಟಡರ್ಟ್ ಕೆನಡಿ ಎಂಬ ಪಾದ್ರಿಯನ್ನು ಕಂಡು, ನಾನು ಏನು ಮಾಡಲಿ ಅಂತ ಕೇಳಿದರು. ಸಿಗರೇಟು ಹಂಚಿ ಹಂಚಿ 'ವುಡ್‌ಬೈನ್ ವಿಲ್ಲಿ' ಅಂತ ಸೈನಿಕರ ಬಾಯಲ್ಲಿ ಹೆಸರಾದವರು ಈ ಕೆನಡಿ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರು ಹಾರ್ಡಿ. ಕೇಳಲು ಸಂಕೋಚ ಪಡಲಿಲ್ಲ. ಕೆನಡಿ ಹೇಳಿದ್ದರ ಸಾರ ಇಷ್ಟೇ: ಸೈನಿಕರ ಜೊತೆ ಬದುಕಿ, ಅವರು ಹೋದ ಕಡೆ ಹೋಗಿ, ನಿಮ್ಮ ಜಾಗ ಮುಂಚೂಣಿ.

ಹಾರ್ಡಿ ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ರಾತ್ರಿ ಕತ್ತಲಲ್ಲಿ, ಜೇಬು ತುಂಬ ಸಿಗರೇಟು, ಸಿಹಿ ತುಂಬಿಕೊಂಡು ಟ್ರೆಂಚಿನಿಂದ ಟ್ರೆಂಚಿಗೆ ನಡೆಯುತ್ತಿದ್ದರು. ಕಾವಲಿನ ಹುಡುಗರು ಹೆಜ್ಜೆ ಸದ್ದಿಗೆ ಬೆಚ್ಚಿ ಬೀಳುತ್ತಿದ್ದರು. ಕತ್ತಲಿಂದ ಒಂದು ಮಾತು ಕೇಳುತ್ತಿತ್ತು: "ನಾನೇ ಕಣ್ರಪ್ಪಾ." ಅಷ್ಟೇ. ಆಮೇಲೆ ಹೆಸರು ಹೇಳುವುದೂ ಬೇಕಿರಲಿಲ್ಲ. ಗಾಯಗೊಂಡವನು ಎರಡೂ ಸೈನ್ಯಗಳ ನಡುವಿನ ಬಯಲಲ್ಲಿ ಬಿದ್ದಿದ್ದರೆ ತೆವಳಿಕೊಂಡು ಹೋಗಿ ಪಕ್ಕದಲ್ಲಿ ಮಲಗಿರುತ್ತಿದ್ದರು, ಯಾರಾದರೂ ಎತ್ತಿಕೊಂಡು ಹೋಗಲು ಬರುವವರೆಗೆ. 1917ರಲ್ಲಿ ಡಿಎಸ್ಒ, ಮಿಲಿಟರಿ ಕ್ರಾಸ್ ಎಂಬ ಸೇನಾ ಪದಕಗಳು ಎರಡೂ ಬಂದವು. 1918ರ ಏಪ್ರಿಲ್‌ನ ಕೆಲಸಕ್ಕೆ ವಿಕ್ಟೋರಿಯಾ ಕ್ರಾಸ್. ಐದನೇ ಜಾರ್ಜ್ ರಾಜರು ಆಗಸ್ಟ್‌ನಲ್ಲಿ ಫ್ರಾನ್ಸಿಗೇ ಬಂದು ಕೈಯಾರೆ ತೊಡಿಸಿದರು.

ಇನ್ನು ಸಾಕು, ಹಿಂದೆ ಬನ್ನಿ ಅಂತ ಮೇಲಿನವರು ಹೇಳಿದರು. ರಾಜರು ತಮ್ಮ ಚಾಪ್ಲೇನ್ ಅಂತ ನೇಮಿಸಿದರು. ಸುರಕ್ಷಿತವಾಗಿ ಊರಿಗೆ ಹೋಗಬಹುದಿತ್ತು. ಹಾರ್ಡಿ ಒಪ್ಪಲಿಲ್ಲ. ಅಕ್ಟೋಬರ್ 11ರಂದು ಗುಂಡು ತಗಲಿತು. ಅಕ್ಟೋಬರ್ 18ರಂದು ರೂವಾನಿನ ಆಸ್ಪತ್ರೆಯಲ್ಲಿ ಸತ್ತರು. ಇನ್ನೆರಡು ದಿನಕ್ಕೆ 55 ತುಂಬುತ್ತಿತ್ತು. ಯುದ್ಧ ನಿಲ್ಲಲು ಇನ್ನು ಮೂರೂವರೆ ವಾರ ಇತ್ತು.

ಆ ಯುದ್ಧದಲ್ಲಿ ಸತ್ತ ಬ್ರಿಟಿಷ್ ಪಾದ್ರಿಗಳು ಎಲ್ಲ ಪಂಗಡ ಸೇರಿ 170ಕ್ಕೂ ಹೆಚ್ಚು. ಅಪ್ಪಣೆ ಹಾಗೇ ಇದ್ದಿದ್ದರೆ ಇವರಲ್ಲಿ ಎಷ್ಟೋ ಜನ ಊರಿಗೆ ಮರಳುತ್ತಿದ್ದರು. ಗೆರೆ ಅಳಿಸಿದ್ದು ಒಳ್ಳೆಯದೇ ಅಂತ ನಾನು ನಂಬುತ್ತೇನೆ. ಹಾಗೆ ನಂಬುವಾಗ ಈ ಸಂಖ್ಯೆಯನ್ನೂ ಜೊತೆಗೆ ಹೊರಬೇಕು.

ಗ್ವಿನ್ ಕೇಳದ ಪ್ರಶ್ನೆ

ಹೇಗ್ ಬೇಡಿಕೆಯ ಮಾತು ಹೇಳಿದೆನಲ್ಲ. ಪಾದ್ರಿಗಳಿಗೆ ದಾರಿ ಸಿಕ್ಕಿತು, ಆದರೆ ಬಿಟ್ಟಿಯಾಗಿ ಅಲ್ಲ. ಈ ಯುದ್ಧ ನ್ಯಾಯದ ಯುದ್ಧ, ದೇವರಿಗೂ ಒಪ್ಪಿಗೆಯದು ಅಂತ ಪಾದ್ರಿ ಸಾರಬೇಕು. ಗ್ವಿನ್‌ಗೆ ಇದು ಭಾರ ಅನಿಸಲಿಲ್ಲ. ಅವರು ಅದನ್ನು ಮನಸಾರೆ ನಂಬಿದ್ದರು. ಕೆನಡಿ ಹಾಗಲ್ಲ. ಮೊದಲು ಹುರುಪಿನಿಂದ ಸಾರಿದವರು, ಯುದ್ಧ ಕಂಡ ಮೇಲೆ ಅದನ್ನು ಬಾಯಿತುಂಬ ಬೈದರು. ಗ್ವಿನ್ ಅಷ್ಟು ದೂರ ಹೋದವರಲ್ಲ. ಓಮ್ಡುರ್ಮಾನಿನ ನೆಲದ ಮೇಲೆ ನಿಂತೂ ಕೇಳದ ಪ್ರಶ್ನೆಯನ್ನು ಫ್ರಾನ್ಸಿನಲ್ಲೂ ಕೇಳಲಿಲ್ಲ. ನನಗೆ ಅವರ ಬಗ್ಗೆ ಇರುವ ಗೌರವದಲ್ಲಿ ಇದೊಂದು ಮುಳ್ಳು.

ಎಲ್ಲಕ್ಕಿಂತ ಕಷ್ಟದ ಕೆಲಸ ಬೇರೆ ಇತ್ತು. ಓಡಿಹೋದ, ಹೆದರಿ ಹಿಂದೆ ಸರಿದ ಸೈನಿಕರಿಗೆ ಬ್ರಿಟಿಷ್ ಸೇನೆ ಮರಣದಂಡನೆ ಕೊಡುತ್ತಿತ್ತು. ಬೆಳಗಿನ ಜಾವ ಕಂಬಕ್ಕೆ ಕಟ್ಟಿ ಗುಂಡು ಹೊಡೆಯುವುದು. ಹೊಡೆಯುವವರು ಅವನದೇ ಸೇನೆಯವರು. ಅದರ ಹಿಂದಿನ ರಾತ್ರಿ ಆ ಹುಡುಗನ ಜೊತೆ ಕೂರುತ್ತಿದ್ದವನು ಪಾದ್ರಿ. ಮನೆಗೆ ಕೊನೆಯ ಕಾಗದ ಬರೆಯಲು ಸಹಾಯ ಮಾಡುತ್ತಿದ್ದ. ಅವನಿಗೆ ಗೊತ್ತಿದ್ದ ಹಾಡು ಹಾಡುತ್ತಿದ್ದ. ಬೆಳಕು ಹರಿಯುವಾಗ ಕೈ ಹಿಡಿದು ಕಂಬದವರೆಗೆ ನಡೆಸಿಕೊಂಡು ಹೋಗುತ್ತಿದ್ದ. ಆಮೇಲೆ ಅವನೇ ಮಣ್ಣು ಮಾಡುತ್ತಿದ್ದ. ಹೀಗೆ ಗುಂಡಿಗೆ ಬಲಿಯಾದ 306 ಮಂದಿಗೆ ಬ್ರಿಟಿಷ್ ಸರ್ಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ.

ಆ ಪಾದ್ರಿ ಸರಿ ಮಾಡಿದನಾ? ಹುಡುಗನನ್ನು ಒಂಟಿಯಾಗಿ ಬಿಡಲಿಲ್ಲ, ಅದು ಸರಿ. ಆದರೆ ಅವನ ತೋಳಿನ ಮೇಲೆ ಇದ್ದದ್ದು ಅದೇ ಸೇನೆಯ ಪಟ್ಟಿ. ಎರಡೂ ನಿಜ. ನಾನು ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಆಗುವುದಿಲ್ಲ.

ಮತ್ತೆ ನೈಲ್ ನದಿಯ ಕಡೆಗೆ

ಯುದ್ಧ ಮುಗಿಯುವ ಮೊದಲೇ ಗ್ವಿನ್ ಮತ್ತು ಅವರ ಪಾದ್ರಿಗಳು ಇನ್ನೊಂದು ಕೆಲಸ ಹಿಡಿದಿದ್ದರು. ಊರಿಗೆ ಹೋದ ಮೇಲೆ ಪಾದ್ರಿ ಆಗಬೇಕು ಅನ್ನುವ ಸೈನಿಕರ ಹೆಸರು ಬರೆದುಕೊಳ್ಳುವುದು. ಅವರಲ್ಲಿ ಬಹಳ ಜನ ಬಡವರ ಮಕ್ಕಳು, ಕಾಲೇಜು ಮೆಟ್ಟಿಲು ಹತ್ತದವರು. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಬಿಡುವುದಿಲ್ಲ ಅಂತ ಆರ್ಚ್‌ಬಿಷಪ್ ಮಾತು ಕೊಟ್ಟರು. ಟಬ್ಬಿ ಕ್ಲೇಟನ್ ಜೊತೆ ಇವರ ಶಾಲೆ 1919ರಲ್ಲಿ ಮೊದಲು ಫ್ರಾನ್ಸಿನ ಲೆ ತೂಕೆಯಲ್ಲಿ, ಆಮೇಲೆ ಇಂಗ್ಲೆಂಡಿನ ನಟ್ಸ್‌ಫರ್ಡಿನ ಖಾಲಿ ಜೈಲಿನಲ್ಲಿ ನಡೆಯಿತು. ಟ್ರೆಂಚಿನಿಂದ ಬಂದವರು ಜೈಲಿನ ಕೋಣೆಗಳಲ್ಲಿ ಕೂತು ಗ್ರೀಕ್ ಕಲಿತರು.

ಗ್ವಿನ್ ಮಾತ್ರ ಇಂಗ್ಲೆಂಡಿನಲ್ಲಿ ಉಳಿಯಲಿಲ್ಲ. ಮೇಜರ್ ಜನರಲ್ ದರ್ಜೆ ಬಿಚ್ಚಿಟ್ಟು ಸುಡಾನಿಗೆ ಮರಳಿದರು. 1920ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಎರಡಕ್ಕೂ ಸೇರಿ ಬಿಷಪ್ ಆದರು. ಕೈರೋದಲ್ಲಿ ನೈಲ್ ದಂಡೆಯ ಮೇಲೆ ಆಡ್ರಿಯನ್ ಗಿಲ್ಬರ್ಟ್ ಸ್ಕಾಟ್ ನಕ್ಷೆ ಬರೆದ ಆಲ್ ಸೇಂಟ್ಸ್ ಕೆಥೆಡ್ರಲ್ 1938ರಲ್ಲಿ ಎದ್ದಿತು. ಎರಡನೇ ಮಹಾಯುದ್ಧ ಬಂದಾಗ ಅದು ಮತ್ತೆ ಸೈನಿಕರಿಂದ ತುಂಬಿತು. 1942ರಲ್ಲಿ ಜರ್ಮನ್ ಸೈನ್ಯ ಈಜಿಪ್ಟಿನ ಒಳಗೆ ಎಲ್ ಅಲಮೈನ್‌ವರೆಗೆ ಬಂದಾಗ ಅಲ್ಲಿನ ಬಿಷಪ್‌ಗೆ ವಯಸ್ಸು 79. 1946ರವರೆಗೂ ಆ ಹುದ್ದೆಯಲ್ಲೇ ಇದ್ದರು. ತೀರಿಕೊಂಡದ್ದು 1957ರಲ್ಲಿ, ಇಂಗ್ಲೆಂಡಿನಲ್ಲಿ.

ಅವರು ಕಟ್ಟಿಸಿದ ಕಲ್ಲು ಹೆಚ್ಚು ಉಳಿಯಲಿಲ್ಲ. ಕೈರೋದ ಕೆಥೆಡ್ರಲ್ಲನ್ನು 1978ರಲ್ಲಿ ಅಕ್ಟೋಬರ್ 6 ಸೇತುವೆಗಾಗಿ ಕೆಡವಿದರು. ಖಾರ್ಟೂಮಿನದು 1971ರಲ್ಲಿ ಸರ್ಕಾರದ ಕೈಗೆ ಹೋಗಿ, ಆಮೇಲೆ ಅರಮನೆಯ ಮ್ಯೂಸಿಯಂ ಆಯಿತು. ಸರ್ಕಾರ ಒಲ್ಲದ ಮನಸ್ಸಿನಿಂದ ತೋರಿಸಿದ ದಕ್ಷಿಣದಲ್ಲಿ ಮಾತ್ರ ಕಥೆಯೇ ಬೇರೆ. ಅಲ್ಲಿ 1955ರಲ್ಲಿ ಡೇನಿಯಲ್ ಡೆಂಗ್ ಅಟೊಂಗ್ ಎಂಬ ಡಿಂಕಾ ಪಾದ್ರಿ ಸುಡಾನಿನ ಜನರಲ್ಲೇ ಮೊದಲ ಆಂಗ್ಲಿಕನ್ ಬಿಷಪ್ ಆದರು. ಆ ಸುದ್ದಿಯ ಹೊತ್ತಿಗೆ ಗ್ವಿನ್ ಇನ್ನೂ ಬದುಕಿದ್ದರು. ದಕ್ಷಿಣದ ಮುಂಡ್ರಿಯಲ್ಲಿ ಅವರ ಹೆಸರಿನಲ್ಲಿ ಪಾದ್ರಿಗಳ ಕಾಲೇಜು ಶುರುವಾಗಿತ್ತು. ಸುಡಾನಿನ ಒಳಯುದ್ಧಗಳ ಕಾಲದಲ್ಲಿ ಅದು ಮುಂಡ್ರಿ ಬಿಟ್ಟು ಜೂಬಾಗೆ ಬಂತು. ಬಿಷಪ್ ಗ್ವಿನ್ ಕಾಲೇಜು ಅನ್ನುವ ಹೆಸರು ಹಾಗೇ ಉಳಿದಿದೆ.